ಜಗಲಿಯ ಮೇಲಿನ ಲಕೋಟೆ

ಈ ದೀಪಾವಳಿಗೂ ಅವನ ಶುಭಾಶಯ ಬಂತು. ಮೊಬೈಲಿನಲ್ಲಿ ಒಂದು ಹಣತೆ, ಪಕ್ಕದಲ್ಲಿ ಲಕ್ಷ್ಮಿಯ ಚಿತ್ರ, ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ಹೊಸದಾಗಿ ಸಿಕ್ಕ ದೊಡ್ಡ ಹುದ್ದೆ. ನಾನು ಕರ್ಚಿಕಾಯಿ ಕರಿಯುತ್ತಿದ್ದೆ. ಓದಿ ತಲೆ ಎತ್ತುವಷ್ಟರಲ್ಲಿ ಎಣ್ಣೆಯಲ್ಲಿದ್ದ ಎರಡು ಕಪ್ಪಾಗಿ ಹೋಗಿದ್ದವು. ಹಬ್ಬದ ದಿನ ಸಿಟ್ಟು ಮಾಡಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು. ಅವಳ ಮಾತನ್ನು ನಾನು ಬಹಳ ಮಟ್ಟಿಗೆ ಪಾಲಿಸಿದ್ದೇನೆ. ಇದೊಂದನ್ನು ಪಾಲಿಸಲು ಆಗಲಿಲ್ಲ, ಮುಂದೆಯೂ ಆಗುವುದಿಲ್ಲ.

ಅವನು ಬ್ಯಾಂಕಿನ ಅಧಿಕಾರಿ. ನಮ್ಮ ಮುಪ್ಪಿಗೆಂದು ಇದ್ದ ಐದು ಲಕ್ಷವನ್ನು ನಮ್ಮ ಮನೆಯಲ್ಲೇ ಕುಳಿತು, ನಮ್ಮದೇ ಅವಲಕ್ಕಿ ತಿಂದು, ನನ್ನನ್ನು ಅವ್ವಾ ಎಂದು ಕರೆದು ತೆಗೆದುಕೊಂಡು ಹೋದವನು.

ನನ್ನ ಯಜಮಾನರು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದರು. ಯಂತ್ರದ ಸದ್ದಿಗೆ ಕಿವಿ ಮಂದವಾಗಿದೆ. ಆದ್ದರಿಂದ ಮಾತು ಯಾವಾಗಲೂ ಜೋರು. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಮನೆಯ ಸಾಲ ತೀರಿಸಿ, ಮಗಳ ಬಾಣಂತನ ಮುಗಿಸಿ, ಉಳಿದದ್ದು ಐದು ಲಕ್ಷ. ತಿಂಗಳ ಪಿಂಚಣಿ ಎಂದು ಬರುವುದು ಹಾಲಿಗೂ ಗ್ಯಾಸಿಗೂ ಸಾಕು, ಔಷಧಕ್ಕೆ ಸಾಲದು. ಆ ಐದು ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲಿ ಇಬ್ಬರೂ ಯಾರ ಮುಂದೂ ಕೈ ಚಾಚದೆ ಇರಬೇಕು ಎಂಬುದು ನಮ್ಮ ಯೋಜನೆ. ಯೋಜನೆ ಎನ್ನುವುದು ದೊಡ್ಡ ಮಾತಾಯಿತು. ಅಷ್ಟೇ ನಮ್ಮ ಆಸೆ.

ಹಣ ಖಾತೆಗೆ ಬಿದ್ದ ವಾರದಲ್ಲೇ ಅವನ ಫೋನು ಬಂತು. ನಮ್ಮ ಖಾತೆಗೆ ಹಣ ಬಿದ್ದದ್ದು ನಮ್ಮ ಮಗಳಿಗಿಂತ ಮೊದಲು ಅವನಿಗೆ ಗೊತ್ತಾಗಿತ್ತು. ಆಷಾಢದಲ್ಲಿ ಹೊಸ ವ್ಯವಹಾರ ಬೇಡ ಎಂದು ನಾನೇ ತಡೆದೆ. ಹೋದ ವರ್ಷ ಶ್ರಾವಣದ ಮೊದಲ ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ಅವನು ಮನೆಗೆ ಬಂದ. ಚಪ್ಪಲಿಯನ್ನು ಹೊರಗೇ ಬಿಟ್ಟು ಮೊದಲು ದೇವರ ಜಗಲಿಗೆ ಕೈ ಮುಗಿದ. ನಾನು ಅಲ್ಲೇ ಸೋತೆ.

"ಅವ್ವಾರ, ಇದು ಬ್ಯಾರೆ ಎಫ್‌ಡಿಕಿಂತಾ ಛಲೋ ಎಫ್‌ಡಿ ಐತ್ರಿ. ಒಂದ ವರ್ಷ ಸುಮ್ನಿದ್ದಬಿಡ್ರಿ, ಆಮ್ಯಾಲ ತಿಂಗಳಾ ತಿಂಗಳಾ ಮೂರ ಸಾವಿರದ ಆರನೂರ ನಿಮ್ಮ ಕೈಗೆ ಬರತೈತಿ. ಕಾಕಾರಿಗೆ ಏನರ ಆದ್ರೂ ನೀವು ಚಿಂತಿ ಮಾಡೂದ ಬ್ಯಾಡ, ನೀವ ನಾಮಿನಿ."

"ಅದನ್ನಷ್ಟ ಬರದ ಕೊಡಪಾ, ನನಗ ನೆನಪ ಇರೂದಿಲ್ಲ," ಎಂದೆ.

ಅಡುಗೆಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುತ್ತದೆ. ಹಾಲಿನವನು ತಪ್ಪಿಸಿದ ದಿನ, ಸಿಲಿಂಡರ್ ಬಂದ ದಿನ, ಏಕಾದಶಿ, ಯಜಮಾನರ ಬಿಪಿ ಗುಳಿಗೆ ಮುಗಿಯುವ ದಿನ, ಎಲ್ಲವೂ ಅದರ ಮೇಲೆಯೇ. ಅದನ್ನೇ ತಂದು ಮುಂದಿಟ್ಟೆ. ಅವನು ನಗುತ್ತ ಆ ಶುಕ್ರವಾರದ ಚೌಕದಲ್ಲಿ, ತನ್ನ ಹಸಿರು ಪೆನ್ನಿನಲ್ಲಿ ಬರೆದ: ಎಫ್‌ಡಿ, ೫ ಲಕ್ಷ, ತಿಂಗಳಿಗೆ ೩೬೦೦. ಬರೆದು ಅವಲಕ್ಕಿಯ ತಟ್ಟೆಗೆ ಕೈ ಹಾಕಿದ.

ಆಮೇಲೆ ಅರ್ಜಿ ತೆಗೆದ. ದಪ್ಪ ಕಟ್ಟು, ಎಲ್ಲ ಇಂಗ್ಲಿಷು. ಯಜಮಾನರು ಕನ್ನಡಕ ಹುಡುಕತೊಡಗಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು.

"ರೀ, ಓದಕೋತ ಕುಂದ್ರಬ್ಯಾಡ್ರಿ. ಲಗೂ ಸಹಿ ಮಾಡ್ರಿ. ರಾಹುಕಾಲ ಹತ್ತತೈತಿ," ಎಂದವಳು ನಾನು. ಬೇರೆ ಯಾರೂ ಅಲ್ಲ, ನಾನೇ.

ಹತ್ತು ನಿಮಿಷದಲ್ಲಿ ಹನ್ನೆರಡು ಸಹಿ ಆದವು. ಹೋಗುವಾಗ ಅವನು ಯಜಮಾನರಿಗೆ ಹೇಳಿದ: "ಕಾಕಾ, ಎರಡ ದಿನದಾಗ ಮುಂಬೈದಿಂದ ಒಂದ ಫೋನ್ ಬರತೈತ್ರಿ. ಸುಮ್ನ ಶಾಸ್ತ್ರಕ್ಕ. ಏನ ಕೇಳಿದ್ರೂ ಹೌದು ಅನ್ರಿ." ಫೋನು ಬಂತು. ಕಿವಿ ಕೇಳದ ಮನುಷ್ಯ ಹಿಂದಿಯ ಪ್ರಶ್ನೆಗಳಿಗೆಲ್ಲ ಹಿತ್ತಿಲಲ್ಲಿ ನಿಂತು "ಹೌದ್ರಿ, ಹೌದ್ರಿ" ಎಂದು ಕೂಗಿದ್ದನ್ನು ನಾನು ಕೇಳಿಸಿಕೊಂಡು ನಕ್ಕಿದ್ದೆ.

ಹದಿನೈದು ದಿನಕ್ಕೆ ಲಕೋಟೆ ಬಂತು. ದಪ್ಪಗಿತ್ತು, ಅಂಟು ಹಚ್ಚಿ ಮುಚ್ಚಿತ್ತು.

ನನ್ನ ತವರು ಹೆಬ್ಬಳ್ಳಿ. ಅಲ್ಲಿ ನಮ್ಮ ಮನೆಗೆ ಹೊಸದಾಗಿ ಏನು ಬಂದರೂ ಮೊದಲು ಜಗಲಿಯ ಮೇಲೆ. ಹೊಸ ಜೋಳದ ಮೊದಲ ಮೊರ, ಎಮ್ಮೆ ಈದಾಗಿನ ಗಿಣ್ಣು, ನನ್ನ ಅಣ್ಣನ ಮೊದಲ ಪಗಾರ. ದೇವರು ನೋಡಿದ ಮೇಲೆ ನಾವು ಮುಟ್ಟುವುದು. ಈ ಲಕೋಟೆಯೂ ಮನೆಗೆ ಬಂದ ಲಕ್ಷ್ಮಿಯೇ ಅಲ್ಲವೇ? ಅರಿಷಿಣ ಕುಂಕುಮ ಹಚ್ಚಿ ಜಗಲಿಯ ಮೇಲಿಟ್ಟೆ. ದೀಪಾವಳಿಯ ಲಕ್ಷ್ಮೀಪೂಜೆ ಮುಗಿಸಿಯೇ ಒಡೆಯುವುದು ಎಂದು ನಿಶ್ಚಯಿಸಿದೆ.

ನಾಲ್ಕು ದಿನದ ಮೇಲೆ ಅವನೇ ಫೋನು ಮಾಡಿದ. "ಅವ್ವಾರ, ಬಾಂಡ್ ಬಂತೇನ್ರಿ?"

"ಬಂದೈತಪಾ. ಜಗಲಿ ಮ್ಯಾಲ ಇಟ್ಟೇನಿ. ದೀಪಾವಳಿ ಪೂಜಿ ಮಾಡಿ ಒಡೀತೇವಿ."

ಅವನ ದನಿ ಬೆಲ್ಲದ ಹಾಗಾಯಿತು. "ಭಾಳ ಛಲೋ ಮಾಡೀರಿ ಅವ್ವಾರ. ದೇವರ ಕಡೇನ ಇರ್ಲಿ. ಮಧ್ಯ ಒಡದಗಿಡದೀರಿ ಮತ್ತ. ಪೂಜಿ ಆದಮ್ಯಾಲನ ತಗೀರಿ, ಶುಭ ಆಗತೈತಿ."

ಎಂಥ ಭಕ್ತಿವಂತ ಎಂದು ಸಂಜೆ ದೀಪ ಹಚ್ಚುವಾಗ ಅವನ ಹೆಂಡತಿ ಮಕ್ಕಳಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಂಡೆ. ಆ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುವ ದಾರಿ ಇದ್ದರೆ ಪಡೆಯುತ್ತಿದ್ದೆ. ಹೆಂಡತಿ ಮಕ್ಕಳದ್ದು ಇರಲಿ.

ಲಕ್ಷ್ಮೀಪೂಜೆಯ ಮರುದಿನ ಲಕೋಟೆ ಒಡೆದೆವು. ಓದಿ ಹೇಳಲು ಪಕ್ಕದ ಮನೆಯ ಅಕ್ಕೋರನ್ನು ಕರೆದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕನ್ನಡಕ ಏರಿಸಿ ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಇದು ಠೇವಣಿ ಅಲ್ಲವಾ. ವಿಮಾ ಪಾಲಿಸಿ. ವರ್ಷಕ್ಕ ಐದ ಲಕ್ಷ ಹಂಗ ಐದ ವರ್ಷ ಕಟ್ಟಬೇಕು ಅಂತ ಬರದಾರ. ಎರಡನೇ ಕಂತು ಕಟ್ಟಲಿಲ್ಲ ಅಂದ್ರ ಈಗ ಕೊಟ್ಟಿದ್ದರಾಗೂ ಭಾಳಷ್ಟು ಹೋಗತೈತಿ."

ಅಕ್ಕೋರು ಇನ್ನೊಂದು ಹಾಳೆ ತಿರುವಿದರು. "ನಿಮ್ಮ ಯಜಮಾನರು ವ್ಯಾಪಾರಸ್ಥರಂತ. ವರ್ಷಕ್ಕ ಹದಿನೈದ ಲಕ್ಷ ಗಳಸ್ತಾರಂತ."

"ಹಂಗಿದ್ರ ಇಷ್ಟ ದಿನ ನನಗ್ಯಾಕ ಹೇಳಲಿಲ್ಲ ಅಂತ ಕೇಳ್ರಿ ಅವರನ್ನ," ಎಂದೆ. ನಗುವ ಹೊತ್ತಲ್ಲ. ಆದರೆ ಅತ್ತರೆ ಯಜಮಾನರು ಕುಸಿಯುತ್ತಿದ್ದರು.

ಬಾಂಡು ಕೈಗೆ ಬಂದ ಮೂವತ್ತು ದಿನದೊಳಗೆ ಬೇಡವೆಂದು ಹಿಂತಿರುಗಿಸಿದ್ದರೆ ಹಣ ವಾಪಸು ಬರುತ್ತಿತ್ತು ಎಂದು ಅದರಲ್ಲೇ ಬರೆದಿತ್ತು. ಅಕ್ಕೋರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ಜಗಲಿಯ ಕಡೆ ನೋಡಿದೆ. ಎರಡು ತಿಂಗಳಿಗೂ ಮಿಕ್ಕಿ ದಿನಾ ಎರಡು ಹೊತ್ತು ಅದಕ್ಕೆ ಊದಿನಕಡ್ಡಿ ಬೆಳಗಿದ್ದೆ. ಅವನ ಫೋನಿನ ಮಾತು ಆಗ ನನಗೆ ಅರ್ಥವಾಯಿತು. "ಮಧ್ಯ ಒಡದಗಿಡದೀರಿ ಮತ್ತ." ಅದೇ ಹೊತ್ತಿಗೆ ಮೊಬೈಲು ಕಿಣಿಗುಟ್ಟಿತು. ಅವನದೇ ದೀಪಾವಳಿಯ ಶುಭಾಶಯ.

ಮರುದಿನ ಬ್ಯಾಂಕಿಗೆ ಹೋದೆವು. ಅವನು ತನ್ನ ಮೇಜಿನ ಹಿಂದೆಯೇ ಕುಳಿತಿದ್ದ. ಸುತ್ತ ನಾಲ್ಕು ಜನ ಸಿಬ್ಬಂದಿ.

"ಅವ್ವಾರ, ನಾ ಎಲ್ಲಾ ಬಿಡಿಸಿ ಹೇಳಾಕ ತಯಾರ ಇದ್ದೆ. ನೀವ ಅಂದ್ರಿ, ಲಗೂ ಮುಗಸು, ರಾಹುಕಾಲ ಬಂತು ಅಂತ. ಬಾಂಡನ್ನೂ ದೇವರ ಮುಂದ ಇಟ್ಟು ಕುಂತ್ರಿ. ಅದಕ್ಕ ಬ್ಯಾಂಕ್ ಏನ ಮಾಡಬೇಕ್ರಿ?"

ಪಕ್ಕದವನು ನಕ್ಕ. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ದೂರಿನ ಅರ್ಜಿಗೆ ಸಹಿ ಮಾಡಲು ನಾನು ಪೆನ್ನು ತೆಗೆದರೆ, "ನಿಮ್ಮ ಸಹಿ ನಡಿಯೂದಿಲ್ರಿ, ನೀವು ನಾಮಿನಿ ಅಷ್ಟ," ಎಂದ. ನಾಮಿನಿ ಎಂದರೆ ಗಂಡ ಸತ್ತ ಮೇಲೆ ಮಾತಾಡಲು ಅಪ್ಪಣೆ ಸಿಗುವವಳು ಎಂದು ಅಂದು ತಿಳಿಯಿತು.

ಮನೆಗೆ ಬಂದು ಯಜಮಾನರು ಗೋಡೆಗೆ ಒರಗಿದರು. "ಹೋಗ್ಲಿ ಬಿಡ. ನಮ್ಮ ಹಣಿಬರಹ."

"ಹಣಿಬರಹ ಬರದಾಂವ ದೇವರು. ಈ ಫಾರ್ಮ್ ಬರದಾಂವ ಅವ. ಇಬ್ಬರ ಅಕ್ಷರಾನೂ ಒಂದ ಮಾಡಬ್ಯಾಡ್ರಿ," ಎಂದು ಕೂಗಿದೆ. ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಕೇಳಿಸಬೇಕೆಂದಲ್ಲದೆ, ಸಿಟ್ಟಿಗೇ ಕೂಗಿದ್ದು ಅದೇ ಮೊದಲು.

ಆ ಕೂಗಿನಲ್ಲೇ ನನಗೆ ಕ್ಯಾಲೆಂಡರ್ ನೆನಪಾಯಿತು. ಅವನ ಅಕ್ಷರ! ಶ್ರಾವಣದ ಹಾಳೆಯನ್ನು ತಿರುವಿದೆ. ಹಸಿರು ಶಾಯಿ ಹಾಗೇ ಇತ್ತು. ದೇವರು ಏನು ಮಾಡಿದ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆ ಚೌಕದ ಮೇಲೆ ಒಗ್ಗರಣೆಯ ಎಣ್ಣೆ ಸಿಡಿಯದಂತೆ ನೋಡಿಕೊಂಡ. ಪಕ್ಕದ ಮನೆಯಲ್ಲಿ ಅಕ್ಕೋರನ್ನು ಇಟ್ಟಿದ್ದ. ಇನ್ನುಳಿದದ್ದು ನಮ್ಮ ಕೆಲಸ.

ಅಕ್ಕೋರು ದೂರು ಬರೆದರು. ಕ್ಯಾಲೆಂಡರಿನ ಹಾಳೆ, ಕಾರ್ಖಾನೆಯ ನಿವೃತ್ತಿ ಪತ್ರ, ಸುಳ್ಳು ವರಮಾನ ಬರೆದ ಅರ್ಜಿ, ಎಲ್ಲದರ ನಕಲು ಸೇರಿಸಿ ವಿಮಾ ಕಂಪನಿಗೆ ಕಳಿಸಿದೆವು. ಉತ್ತರವಿಲ್ಲ. ಮತ್ತೆ ಕಳಿಸಿದೆವು. "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲು. ಮೇಲಿನ ಕಚೇರಿಗೆ ಹೋಗುತ್ತೇವೆ ಎಂದು ಮೂರನೆಯ ಸಲ ಬರೆದೆವು. ಆ ಚಳಿಗಾಲದಲ್ಲಿ ಯಜಮಾನರು ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತಿದ್ದದ್ದು ನನಗೆ ಗೊತ್ತಾದದ್ದೂ ಕ್ಯಾಲೆಂಡರಿನಿಂದಲೇ. ಮುಗಿಯುವ ದಿನಕ್ಕೆ ಸರಿಯಾಗಿ ಗುಳಿಗೆ ಮುಗಿದಿರಲಿಲ್ಲ.

ಈ ವರ್ಷದ ಆಷಾಢದಲ್ಲಿ ಬ್ಯಾಂಕಿನಿಂದ ಕರೆ ಬಂತು. ಕಂಪನಿ ಹಣ ಹಿಂದಿರುಗಿಸಲು ಒಪ್ಪಿದೆ, ಬಂದು ಪತ್ರಕ್ಕೆ ಸಹಿ ಮಾಡಿ ಎಂದರು. ಅವನು ಅಷ್ಟರಲ್ಲಿ ಬಡ್ತಿ ಪಡೆದು ಹುಬ್ಬಳ್ಳಿಯ ದೊಡ್ಡ ಶಾಖೆಗೆ ಹೋಗಿದ್ದ. ಹೊಸ ಮ್ಯಾನೇಜರು ಪತ್ರ ಮುಂದೆ ತಳ್ಳಿ, ಇಲ್ಲಿ ಸಹಿ ಎಂದು ಬೆರಳು ತೋರಿಸಿದರು. ಯಜಮಾನರು ಪೆನ್ನು ಹಿಡಿದರು. ಅಂದೂ ಶುಕ್ರವಾರ. ಗಡಿಯಾರದಲ್ಲಿ ಹನ್ನೊಂದು.

"ಮೊದಲ ಓದ್ರಿ," ಎಂದೆ.

"ಸಹಿ ಮಾಡೂಣು ತಡಿ, ರೊಕ್ಕ ಬರ್ಲಿ ಮೊದಲ."

"ಓದ್ರಿ. ನನಗ ಕೇಳೂಹಂಗ ಓದ್ರಿ."

ಈ ಸಲ ಪತ್ರ ಕನ್ನಡದಲ್ಲೇ ಇತ್ತು. ಅವರು ತಮ್ಮ ಎಂದಿನ ದನಿಯಲ್ಲಿ ಓದಿದರು. ಪಿಂಚಣಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. "ಪಾಲಿಸಿಯ ಸ್ವರೂಪವನ್ನು ನಾವೇ ತಪ್ಪಾಗಿ ತಿಳಿದುಕೊಂಡಿದ್ದು, ಇದರಲ್ಲಿ ಬ್ಯಾಂಕಿನ ಯಾವ ಸಿಬ್ಬಂದಿಯ ತಪ್ಪೂ ಇರುವುದಿಲ್ಲ" ಎಂಬಲ್ಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು, ಮೊದಲಿಗಿಂತ ಜೋರಾಗಿ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಇದು ಸುಳ್ಳು ಐತ್ರಿ. ನಾ ಸಹಿ ಮಾಡೂದಿಲ್ಲ."

ಹಣೆಬರಹ ಎಂದು ಕೈಚೆಲ್ಲಿದ್ದ ಯಜಮಾನರ ಮೇಲೆ ನನಗಿದ್ದ ಎಂಟು ತಿಂಗಳ ಸಿಟ್ಟು ಅಷ್ಟಕ್ಕೆ ಇಳಿಯಿತು. ಸಾಲಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಅಮ್ಮಿನಬಾವಿಯವಳು, ಗಂಡ ತೀರಿ ಅವನ ಪಿಂಚಣಿ ತೆಗೆದುಕೊಳ್ಳುವವಳು. "ಯಾವ ಪಾಲಿಸಿರಿ ಅದು? ನನಗೂ ಒಂದ ಕೊಟ್ಟಾರ."

ಮ್ಯಾನೇಜರು ತಟ್ಟನೆ ಎದ್ದರು. "ಕಾಕಾ, ಒಳಗ ಬರ್ರಿ, ಆ ಸಾಲು ತೆಗದು ಬ್ಯಾರೆ ಪ್ರಿಂಟ್ ಕೊಡಸ್ತೇನಿ." ಕಾಲು ಗಂಟೆಯಲ್ಲಿ ಬೇರೆ ಪತ್ರ ಬಂತು. ಅದನ್ನೂ ಪೂರ್ತಿ ಓದಿಸಿಯೇ ಸಹಿ ಮಾಡಿಸಿದೆ, ನಟ್ಟನಡುವಿನ ರಾಹುಕಾಲದಲ್ಲಿ.

ಹಣ ಬಂತು. ಸುಮಾರು ಒಂದು ವರ್ಷದ ಬಡ್ಡಿ ಬರಲಿಲ್ಲ. ಬೇರೆ ಬ್ಯಾಂಕಿನಲ್ಲಿ ಇಬ್ಬರ ಹೆಸರಿನಲ್ಲೂ ಠೇವಣಿ ಇಟ್ಟೆವು, ಯಾರ ಸಹಿಯಾದರೂ ನಡೆಯುವಂತೆ. ಅದರ ರಸೀದಿ ಬಂದಾಗ ಅಡುಗೆಕಟ್ಟೆಯ ಮೇಲೆಯೇ ಲಕೋಟೆ ಹರಿದು, ಅಕ್ಕೋರ ಹತ್ತಿರ ಓದಿಸಿ, ಹರಿದ ಲಕೋಟೆಯನ್ನೇ ಜಗಲಿಯ ಮೇಲಿಟ್ಟೆ. ದೇವರು ಬೇಸರಪಟ್ಟಂತೆ ಕಾಣಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಹಬ್ಬದಲ್ಲಿ ಕರ್ಚಿಕಾಯಿ ಸುಡುತ್ತಿರಲಿಲ್ಲ. ಆ ಮುದುಕಿ ಮರುವಾರ ನಮ್ಮ ಮನೆಗೆ ಬಂದಳು. ಸೆರಗಿನೊಳಗಿನಿಂದ ಒಂದು ಲಕೋಟೆ ತೆಗೆದಳು. ಅಂಟು ಬಿಚ್ಚಿರಲಿಲ್ಲ. ಮೇಲೆ ಅರಿಷಿಣ ಕುಂಕುಮ.

"ಕಾರ್ತೀಕದಾಗ ಬಂದಿತ್ತವಾ. ಜಗಲಿ ಮ್ಯಾಲ ಇಡ್ರಿ, ಯುಗಾದಿ ಆದಮ್ಯಾಲ ಒಡೀರಿ, ಶುಭ ಆಗತೈತಿ ಅಂತ ಆ ಸಾಹೇಬನ ಹೇಳಿದ್ದ. ಯುಗಾದಿಗೆ ನನಗ ಜ್ವರ. ಮುಂದ ಮರತಬಿಟ್ಟೆ."

ಶ್ರಾವಣದಲ್ಲಿ ನಾನು ಫೋನಿನಲ್ಲಿ ಹೇಳಿದ್ದನ್ನು ಅವನು ಕಾರ್ತಿಕದ ಹೊತ್ತಿಗೆ ತನ್ನ ಕಸಬು ಮಾಡಿಕೊಂಡಿದ್ದ. ನನ್ನ ತಾಯಿಯ ಜಗಲಿ, ನನ್ನ ತವರಿನ ರೀತಿ, ಅವನಿಗೆ ಮೂವತ್ತು ದಿನ ದಾಟಿಸುವ ಉಪಾಯವಾಯಿತು. ಎಷ್ಟು ಮನೆಗಳ ಜಗಲಿಯ ಮೇಲೆ ಇಂಥ ಲಕೋಟೆಗಳಿವೆಯೋ ನನಗೆ ತಿಳಿಯದು. ನಮ್ಮ ಐದು ಲಕ್ಷ ಹೋಗಿದ್ದರೂ ನಾನು ಇಷ್ಟು ಉರಿಯುತ್ತಿರಲಿಲ್ಲ.

ಅವಳ ಹತ್ತಿರ ಕ್ಯಾಲೆಂಡರ್ ಇಲ್ಲ, ಅವನ ಅಕ್ಷರ ಇಲ್ಲ. ದೂರು ಹೋಗಿದೆ, ಸಾಕ್ಷಿ ಏನು ಎಂದು ಕಂಪನಿ ಕೇಳಿದೆ. ನಾಳೆ ಪಾಡ್ಯ. ಅವಳು ಬೆಳಿಗ್ಗೆಯ ಬಸ್ಸಿಗೆ ಬರುತ್ತಾಳೆ, ಅಕ್ಕೋರೂ ಬರುತ್ತಾರೆ. ಲಕೋಟೆ ಒಡೆಯಬೇಡಿ ಎಂದು ಇದೇ ಮನುಷ್ಯ ನನಗೂ ಹೇಳಿದ್ದ ಎಂದು ನಾನು ಬರೆದುಕೊಡಬೇಕು. ಆ ಹಾಳೆಯ ಕೆಳಗೆ ಯಜಮಾನರ ಸಹಿ ನಡೆಯುವುದಿಲ್ಲ. ಅವನ ಫೋನು ಎತ್ತಿದವಳು ನಾನು, ಸಹಿ ನನ್ನದೇ ಬೇಕು. ಅವರಿಗೆ ತಿಂಡಿಗೆಂದು ಸುಡದೆ ಉಳಿದ ಕರ್ಚಿಕಾಯಿಗಳನ್ನು ಡಬ್ಬಿಗೆ ತುಂಬಿಟ್ಟಿದ್ದೇನೆ.