ಅಪ್ಪನ ಧೋತರ ನೀಲಿ ಮಾಡಿದ ಜೀನ್ಸ್

ನಾನು ಚಿಕ್ಕವನಿದ್ದಾಗ ನನ್ನ ಮೊದಲ ಜೀನ್ಸ್‌ಗೆ ಬಿದ್ದ ಬೆಲೆ ಒಂದು ಹೋತಮರಿ. ಅಪ್ಪ ದುಡ್ಡು ಬಿಚ್ಚಲಿಲ್ಲ. ನಾನೇ ಸಾಕಿದ ಮರಿಯನ್ನು ಔರಾದ ಸಂತೆಯಲ್ಲಿ ಮಾರಿ, ಅಕ್ಕನ ಜೊತೆ ಬೀದರಿನ ಅಂಗಡಿಗೆ ಹೋದೆ. ಅರ್ಧ ಬೆಲೆಯ ಪ್ಯಾಂಟೂ ಅಲ್ಲಿತ್ತು. ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದ ಅಕ್ಕ ಅದನ್ನು ಬೆಳಕಿಗೆ ಹಿಡಿದು, "ಇದು ಸಾಣಿಗಿ ಅದಲ್ರಿ ಭಾಯಿ, ಹಿಟ್ಟು ಸೋಸಲೇನು?" ಎಂದಳು.

"ಅರೆ ತಂಗಿ, ಭಾಳ ಹುಷಾರ ಇದ್ದಿ!" ಎಂದು ನಗುತ್ತ ಅಂಗಡಿಯವನು ದಪ್ಪ ಬಟ್ಟೆಯದನ್ನು ತೆಗೆದ. ನೇಯ್ಗೆ ಒತ್ತಾಗಿತ್ತು, ಹೊಲಿಗೆ ಜೋಡೆಳೆಯದು. ನಿಲ್ಲಿಸಿದರೆ ತಗಡಿನಂತೆ ಸೆಟೆದು ನಿಲ್ಲುತ್ತಿತ್ತು.

ಹೊಸ ಬಟ್ಟೆಯ ಗಂಜಿ ಬಿಡಿಸದೆ ತೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಆ ಸಂಜೆಯೇ ಅಕ್ಕ ಸೋಡಾ ಹಾಕಿದ ಬಿಸಿನೀರಿನ ಹಂಡೆಯಲ್ಲಿ ಜೀನ್ಸ್ ಅದ್ದಿದಳು. ಅದೇ ಹಂಡೆಯಲ್ಲಿ ಅಪ್ಪನ ಬಿಳಿ ಧೋತರವೂ ಇತ್ತು. ಮರುದಿನ ಅಕ್ಕನ ಮದುವೆಯ ಮಾತಿಗೆ ಭಾಲ್ಕಿಗೆ ಉಟ್ಟು ಹೋಗಬೇಕಾದ, ಮನೆಯಲ್ಲಿದ್ದ ಒಂದೇ ಒಳ್ಳೆಯ ಧೋತರ. ಬೆಳಿಗ್ಗೆ ನೋಡಿದರೆ ಆಕಾಶದ ಬಣ್ಣ!

"ಭಾಲ್ಕ್ಯಾಗ ಯಾರರೆ ನಕ್ಕರ, ಈ ಪ್ಯಾಂಟ ಎತ್ತಿನ ಬೆನ್ನಿಗಿ ಹೊಚ್ತೇನಿ!" ಎಂದು ಅಪ್ಪ ಆ ನೀಲಿ ಧೋತರವನ್ನೇ ಉಡುತ್ತ ಗುಡುಗಿದ. ನಾನೂ ಹಟಮಾರಿ. ಇನ್ನೂ ಒದ್ದೆಯಿದ್ದ ಜೀನ್ಸನ್ನೇ ಏರಿಸಿಕೊಂಡು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತೆ.

ಗಂಡಿನ ಮನೆಯ ಜಮಖಾನೆಯ ಮೇಲೆ ಕೂರುತ್ತಲೇ ಗಂಡಿನ ತಂದೆ ಕೇಳಿಯೇಬಿಟ್ಟರು: "ಏನ್ರಿ ಯಜಮಾನ್ರ, ಧೋತರಕ್ಕ ನೀಲಿ ಭಾಳ ಬಿದ್ದದ?" ಎಲ್ಲರೂ ನಕ್ಕರು. ಅಪ್ಪನ ಕಣ್ಣು ನನ್ನ ಪ್ಯಾಂಟಿನ ಮೇಲೆ ಬಿತ್ತು. ನಾನು ತಟ್ಟನೆ ಕಾಲು ಚಾಚಿದೆ.

"ಇದರ ಬಣ್ಣ ಹೋಗ್ಯಾದರಿ, ಬಟ್ಟಿ ಹೋಗಿಲ್ಲರಿ. ಹೊಲಿಗಿ ಜಗ್ಗಿ ನೋಡ್ರಿ!" ಎಂದೆ.

ಅವರು ಜಗ್ಗೇ ಜಗ್ಗಿದರು. ನಾನು ಜಮಖಾನೆಯಿಂದ ಜಾರಿ ಬರೀ ನೆಲಕ್ಕೆ ಬಂದೆ. ಹೊಲಿಗೆ ಒಂದೆಳೆಯೂ ಬಿಡಲಿಲ್ಲ. "ಗಟ್ಟಿ ಮಾಲ ಅದ ಬಿಡ್ರಿ!" ಎಂದರು.

ಅಪ್ಪ ಮೀಸೆ ತಿರುವಿದ. "ನನ್ನ ಮಗಳು ಆರಿಸಿದ್ದರಿ."

ಆ ಮನೆಗೇ ಅಕ್ಕ ಸೊಸೆಯಾದಳು. ಜೀನ್ಸ್ ಎತ್ತಿನ ಬೆನ್ನಿಗೆ ಹೋಗದೆ ನನ್ನದಾಗಿಯೇ ಉಳಿಯಿತು.

ಮಕ್ಕಳೇ, ನಾವು ಮುಟ್ಟಿ, ಎಳೆದು, ಜಗಳಾಡಿ ಕೊಳ್ಳುತ್ತಿದ್ದೆವು. ನೀವು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುತ್ತೀರಿ, ಅದೂ ಹರಿದದ್ದನ್ನೇ. ತರಿಸಿ, ಯಾರು ನಕ್ಕರೂ ತೊಡಿ. ಆದರೆ ಬಂದ ಕೂಡಲೇ ಒಳಮಗ್ಗುಲು ತಿರುವಿ ಹೊಲಿಗೆ ನೋಡಿ, ಒದ್ದೆ ಅರಿವೆಯಿಂದ ಉಜ್ಜಿ ಬಣ್ಣ ನೋಡಿ. ಮನಸ್ಸಿಗೆ ಬರದಿದ್ದರೆ ವಾಪಸ್ ಕಳಿಸಲು ನಾಚಬೇಡಿ. ದಿನಾ ಒಗೆಯಬೇಡಿ. ಒಗೆಯುವಾಗ ಒಳಗಿನದು ಹೊರಗೆ ಮಾಡಿ, ತಣ್ಣೀರಿನಲ್ಲಿ ಅದೊಂದನ್ನೇ ಅದ್ದಿ, ನೆರಳಿನಲ್ಲಿ ಒಣಗಿಸಿ. ಮೊಣಕಾಲು ಸವೆಯುತ್ತಿದೆ ಅನ್ನಿಸಿದಾಗಲೇ ಒಳಗಿನಿಂದ ತೇಪೆ ಹಾಕಿಸಿ. ಹರಿದ ಮೇಲೆ ಓಡಿದರೆ ದರದ ವಿಷಯದಲ್ಲಿ ದರ್ಜಿ ನಿಮ್ಮ ಮಾತು ಕೇಳುವುದಿಲ್ಲ, ನೀವೇ ಅವನ ಮಾತು ಕೇಳಬೇಕಾಗುತ್ತದೆ.