ಇಡಲು ಬಾರದ ಕೈ

ಜನಾರ್ದನನಿಗೆ ಅಡುಗೆಮನೆಯ ಬಾಗಿಲು ದಾಟಿ ಮುಂದೆ ಬರುವ ಅಪ್ಪಣೆ ಇರಲಿಲ್ಲ. ಅಹಮದಾಬಾದಿನ ಮಣಿನಗರದಲ್ಲಿ ಪದ್ಮನಾಭ ಉಡುಪರ ಹೋಟೆಲು. ಅದರ ಹಿಂದಿನ ಕೋಣೆಯಲ್ಲಿ, ಗ್ರೈಂಡರಿನ ಪಕ್ಕ, ಅವನ ಜಾಗ. ಅಕ್ಕಿ, ಉದ್ದು ನೆನೆಹಾಕುವುದು, ರುಬ್ಬುವುದು, ಹಿಟ್ಟು ತೋಡಿ ಪಾತ್ರೆಗೆ ತುಂಬುವುದು. ಮುಂದಿನ ಹಾಲಿನಲ್ಲಿ ಗಿರಾಕಿಗಳು ಸ್ವೆಟರು, ಕೋಟುಗಳನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಕೂರುತ್ತಿದ್ದರು. ಅಲ್ಲಿಗೆ ಅವನು ಕಾಲಿಡಬಾರದು. ಕೆಲಸಕ್ಕೆ ಸೇರಿಸಿಕೊಂಡ ದಿನವೇ ಉಡುಪರು ಹೇಳಿದ್ದ ಮಾತು ಅದು. ಕಟುವಾಗಿ ಹೇಳಿರಲಿಲ್ಲ.

ಬೈಂದೂರಿನ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಸೂರತ್ತಿಗೆ ಬಂದವನು. ಪಾಂಡೇಸರಾದ ಬಣ್ಣದ ಮಿಲ್ಲುಗಳೆದುರು ಅವನು ಲೋಟ ತೊಳೆಯುತ್ತಿದ್ದ ಹೋಟೆಲು ಮುಚ್ಚಿತು. ಬರಿಗೈಯಲ್ಲಿ ಊರಿಗೆ ಮರಳಲು ನಾಚಿಕೆ. ಪಾಳಿ ಬಿಡುವ ಹೊತ್ತಿನ ನೂಕುನುಗ್ಗಲಿನಲ್ಲಿ ಯಾರೋ ಅವನಿಗೆ ಬೇರೆ ಕಸುಬು ಕಲಿಸಿದರು. ಆಮೇಲೆ ಸೂರತ್ತು, ವಡೋದರಾಗಳ ನಡುವಿನ ರೈಲುಗಳಲ್ಲಿ ಅವನ ಎರಡು ಬೆರಳುಗಳು ಜನರ ಕಿಸೆಗಳಲ್ಲಿ ದುಡಿದವು. ಆ ಕಸುಬಿಗೆ ಮಾತು ಬೇಕಿರಲಿಲ್ಲ. ಅಷ್ಟು ವರ್ಷ ಗುಜರಾತಿನಲ್ಲಿದ್ದೂ ಅವನ ಹಿಂದಿ ತುಂಡುತುಂಡಾಗಿಯೇ ಉಳಿಯಿತು. ಊರಿನಲ್ಲಿ ಹೋಟೆಲ್ ಸಪ್ಲೈಯರ್ ಎಂದು ಹೇಳಿಕೊಂಡು ವೇದಾಳನ್ನು ಮದುವೆಯಾದ. ವಡೋದರಾದಲ್ಲಿ ಸಿಕ್ಕಿಬಿದ್ದು ಜೈಲು ಸೇರಿದಾಗ ಅವಳಿಗೆ ನಿಜ ತಿಳಿಯಿತು. ಮಗಳು ಮೀರಾಳನ್ನು ಎತ್ತಿಕೊಂಡು ತವರಿಗೆ ಹೊರಟುಹೋದಳು.

ಜೈಲಿನಿಂದ ಬಂದ ಮೇಲೆ ಅವನು ಯಾರ ಕಿಸೆಗೂ ಕೈ ಹಾಕಲಿಲ್ಲ. ಊರಿನ ಹೆಸರು ಹೇಳಿಕೊಂಡು ಉಡುಪರ ಬಳಿ ಬಂದ, ಜೈಲಿನ ಸಂಗತಿ ಮುಚ್ಚಿಡಲಿಲ್ಲ. ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಉಡುಪರು ಒಂದು ದಿನ ತಾವಾಗಿಯೇ, ಸಂಕ್ರಾಂತಿಯಿಂದ ಮುಂದಿನ ಹಾಲಿಗೆ ಬಾ, ಸಪ್ಲೈ ಮಾಡು ಎಂದರು. ವೇದಾ ಫೋನಿನಲ್ಲಿ ಅವನ ಮಾತು ನಂಬಲಿಲ್ಲ. ಉಡುಪರೇ ಹೇಳಲಿ, ಹೇಳಿದರೆ ಮಗಳನ್ನು ಕರೆದುಕೊಂಡು ಬರುತ್ತೇನೆ ಎಂದಳು. ಸೋಮವಾರ ಬೆಳಿಗ್ಗೆ ಅವಳ ಮನೆ ಹತ್ತಿರದ ಅಂಗಡಿಗೆ ಫೋನು ಮಾಡಿ ಮಾತಾಡುತ್ತೇನೆಂದು ಉಡುಪರು ಒಪ್ಪಿದರು.

ಅದರ ಹಿಂದಿನ ಭಾನುವಾರ ಕಾಮಾಕ್ಷಿ ಅವನನ್ನು ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಈಕೆ, ಹಿಂದೆ ಬಟ್ಟೆ ಮಿಲ್ಲಿಗೆ ದುಡಿಯಲು ಬಂದ ತಮಿಳರ ಮಗಳು, ಹುಟ್ಟಿದ್ದು ಇಲ್ಲೇ. ತಮಿಳರು ಹೆಚ್ಚಿರುವ ಆ ಭಾಗದ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ತಮಿಳು ಚಿತ್ರ ಹಾಕುತ್ತಿದ್ದರು. ಇಬ್ಬರು ಚಿಲ್ಲರೆ ಕಳ್ಳರು ಒಳ್ಳೆಯವರಾಗಲು ಹೊರಟ ಕತೆಯಂತೆ, ನಿನ್ನದೇ ಕತೆ, ನೋಡು ಬಾ ಎಂದು ಅವಳು ಕೀಟಲೆ ಮಾಡಿದ್ದಳು.

ಕತ್ತಲಲ್ಲಿ ಅವಳು ಹೋಟೆಲಿನಲ್ಲಿ ಕಲಿತ ಕನ್ನಡದಲ್ಲಿ ಪಿಸುಗುಟ್ಟುತ್ತ ಅರ್ಥ ಹೇಳಿದಳು. ಬಸ್ ನಿಲ್ದಾಣದಲ್ಲಿ ಹಮಾಲಿ ಮಾಡುವ ಆ ಇಬ್ಬರನ್ನು ಊರೆಲ್ಲ ಅನುಮಾನಿಸುತ್ತದೆ. ಕೊನೆಗೆ, ಅವರನ್ನು ಹೊಡೆದಿದ್ದ ಇನ್‌ಸ್ಪೆಕ್ಟರೇ ತನ್ನ ಮಗಳ ಮದುವೆಯ ಸಾಮಾನು ಹೊರಲು ಅವರನ್ನು ಕರೆಯುತ್ತಾನೆ. ಜನಾರ್ದನ ತೋಳಿನಿಂದ ಮುಖ ಒರೆಸಿಕೊಂಡ.

ಆಟ ಬಿಟ್ಟಾಗ ಮೆಟ್ಟಿಲ ಮೇಲೆ ನೂಕಾಟ. ಅವನ ಮುಂದೆ ಒಬ್ಬ ದಪ್ಪನೆಯ ಮನುಷ್ಯ. ಪ್ಯಾಂಟಿನ ಹಿಂದಿನ ಕಿಸೆಯಿಂದ ಪರ್ಸು ಅರ್ಧ ಹೊರಗೆ ಬಂದಿದೆ, ಇನ್ನೊಂದು ಹೆಜ್ಜೆಗೆ ಬೀಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಭುಜ ತಟ್ಟಿ ಹೇಳುತ್ತಿದ್ದರು. ಕಿಸೆಯವನಿಗೆ ಗೊತ್ತಾಗದ ಹಾಗೆ ಕೆಲಸ ಮುಗಿಸುವುದಷ್ಟೇ ಜನಾರ್ದನನಿಗೆ ತಿಳಿದದ್ದು. ಎರಡು ಬೆರಳು ಚಾಚಿ, ಪರ್ಸನ್ನು ಮೆಲ್ಲನೆ ಒಳಗೆ ನೂಕಿದ.

ತೆಗೆಯುವುದರಲ್ಲಿ ಪಳಗಿದ ಕೈ ಅದು. ಇಡುವುದನ್ನು ಎಂದೂ ಮಾಡಿರಲಿಲ್ಲ. ಆ ಮನುಷ್ಯನಿಗೆ ತಿಳಿದುಬಿಟ್ಟಿತು.

ಮಣಿಕಟ್ಟು ಹಿಡಿದು ತಿರುಗಿ, "ಜೇಬ್ ಮೇಂ ಹಾಥ್ ಡಾಲಾ?" ಎಂದ, ಕಿಸೆಗೆ ಕೈ ಹಾಕಿದೆಯಾ ಎಂದು.

ಕಿಸೆಯೊಳಗೆ ಹಾಕಿದೆ ಎನ್ನುವುದಕ್ಕೆ ಜನಾರ್ದನನಿಗೆ ಗೊತ್ತಿದ್ದದ್ದು ಡಾಲಾ ಎಂಬ ಅದೊಂದೇ ಪದ. "ಹಾಂ ಭಾಯಿ, ಡಾಲಾ. ಮೈನೇ ಡಾಲಾ."

ಪರ್ಸು ಹಾಕಿದೆ ಎಂದು ಅವನು ಹೇಳಿದ, ಕೈ ಹಾಕಿದೆ ಎಂದು ಅವರು ಕೇಳಿಸಿಕೊಂಡರು. ಒಪ್ಪಿಕೊಳ್ಳುತ್ತಿದ್ದಾನೆ ಎಂದು ಯಾರೋ ಕೂಗಿದರು. ಹೊಡೆತ ಬೀಳುತ್ತಿದ್ದಾಗಲೂ ಅವನು ಅದನ್ನೇ ಹೇಳುತ್ತಿದ್ದ, ಡಾಲಾ, ಡಾಲಾ. ಕಾಮಾಕ್ಷಿ ಗುಜರಾತಿಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಕಾಮಾಕ್ಷಿಯಿಂದ ನಡೆದದ್ದು ತಿಳಿದು ಪೊಲೀಸ್ ಚೌಕಿಗೆ ಉಡುಪರು ಬಂದರು. ಪರ್ಸಿನಲ್ಲಿ ಎಲ್ಲ ಸರಿಯಾಗಿದ್ದುದರಿಂದ ಆ ಮನುಷ್ಯ ದೂರು ಕೊಡದೆ ಹೋಗಿದ್ದ. ಪೇದೆ ಜನಾರ್ದನನನ್ನು ಉಡುಪರ ಜತೆ ಕಳಿಸಿದ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತಾಗ ಉಡುಪರು ಕೇಳಿದರು.

"ಕರ್ದು ಹೇಳ್ಬಹುದಿತ್ತಲ್ಲ ಮಾರಾಯ, ಪರ್ಸ್ ಬೀಳ್ತಾ ಉಂಟು ಅಂತ?"

"ಹೊಳೀಲಿಲ್ಲ ಉಡುಪರೆ. ನಾನು ತೆಗ್ದದ್ದಲ್ಲ, ಒಳಗೆ ಹಾಕಿದ್ದು. ದೇವರಾಣೆ."

"ನಂಗೊತ್ತುಂಟು. ನೀ ತೆಗೀಲಿಲ್ಲ."

ಜನಾರ್ದನ ತಲೆಯೆತ್ತಿದ.

"ಆದ್ರೆ ಕರೀಬೇಕು ಅಂತ ಹೊಳೀಲೇ ಇಲ್ಲಲ್ಲ, ಅದೇ ನಂಗೆ ಹೆದ್ರಿಕೆ" ಎಂದರು ಉಡುಪರು. "ನಾಳೆ ಹಾಲಿನಲ್ಲಿ ಯಾರದ್ದೋ ಕೋಟು ಜಾರ್ತದೆ, ನಿನ್ನ ಕೈ ಹೋಗ್ತದೆ. ನಾನು ಯಾರಿಗೆ ಎಂತ ಹೇಳ್ಲಿ?"

ಗೂಡ್ಸ್ ರೈಲು ಹೋಗಿ ಮುಗಿಯಲು ತುಂಬ ಹೊತ್ತು ಹಿಡಿಯಿತು.

ಸೋಮವಾರ ಎಸ್‌ಟಿಡಿ ಬೂತಿನಲ್ಲಿ ಉಡುಪರು ಗಾಜಿನ ಒಳಗೆ, ಅವನು ಹೊರಗೆ. ಉಡುಪರು ಸುಳ್ಳು ಹೇಳುವವರಲ್ಲ. ಕಳ್ಳತನ ಮಾಡಿಲ್ಲ ಎಂದೂ ಹೇಳಿರಬೇಕು, ಸದ್ಯಕ್ಕೆ ಬರುವುದು ಬೇಡ ಎಂದೂ ಹೇಳಿರಬೇಕು. ಅವರು ತಲೆ ತಗ್ಗಿಸಿಕೊಂಡು ಮಾತಾಡುವುದಷ್ಟೇ ಅವನಿಗೆ ಕಂಡಿತು. ಆಮೇಲೆ ಬಾಗಿಲು ತೆರೆದು ರಿಸೀವರು ಅವನ ಕೈಗಿತ್ತರು.

ಅವನು ವಿವರಿಸತೊಡಗಿದ. ಈ ಸಲ ಕನ್ನಡದಲ್ಲಿ, ಒಂದೂ ಪದ ತಪ್ಪದೆ. ವೇದಾ ಕೊನೆಯವರೆಗೂ ಕೇಳಿದಳು.

"ಹಾಕಿದ್ದೋ, ತೆಗ್ದದ್ದೋ, ನಂಗೆ ಹೆಂಗೆ ಗೊತ್ತಾಗ್ಬೇಕು ಹೇಳಿ" ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಮೀರಾಗೆ ನಾ ಇನ್ನೂ ಎಂತದೂ ಹೇಳಿರ್ಲಿಲ್ಲ. ಹೇಳದಿದ್ದದ್ದೇ ಒಳ್ಳೇದಾಯ್ತು."

ಸಂಕ್ರಾಂತಿಗೆ ಮುಂದಿನ ಹಾಲಿಗೆ ಬೇರೊಬ್ಬ ಬಂದ. ಜನಾರ್ದನ ಗ್ರೈಂಡರಿನ ಬಳಿಯೇ ಉಳಿದ. ಉಡುಪರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ, ಮತ್ತೆ ಆ ಮಾತನ್ನೂ ಎತ್ತಲಿಲ್ಲ.

ಆ ಬೇಸಿಗೆಯಲ್ಲಿ ಕಾಮಾಕ್ಷಿಯ ಜತೆ ತರಕಾರಿ ತರಲು ಹೋಗಿದ್ದಾಗ, ಮುಂದೆ ನಡೆಯುತ್ತಿದ್ದ ಮುದುಕಿಯ ಸೆರಗಿನ ಗಂಟು ತಾನಾಗಿ ಬಿಚ್ಚಿಕೊಂಡು, ಮನೆಯ ಬೀಗದ ಕೈ ಅವನ ಕಾಲ ಬುಡಕ್ಕೇ ಬಿತ್ತು. ಮುದುಕಿಗೆ ತಿಳಿಯಲಿಲ್ಲ. ಕಾಮಾಕ್ಷಿ ಹಿಂದಿನ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಅವನು ಅದನ್ನು ನೋಡಿದ. ಎರಡೂ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡ. ಕರೆಯಲು ಬಾಯಿ ತೆರೆದ, ಡಾಲಾ ನೆನಪಾಗಿ ಮುಚ್ಚಿಕೊಂಡ. ಆಮೇಲೆ ಬೀಗದ ಕೈಯ ಪಕ್ಕದಿಂದ ಸರಿದು ಮುಂದೆ ನಡೆದುಬಿಟ್ಟ.