ಖಾಲಿ ವಾಪಸ್ ಕೊಡಬಾರದ ಡಿಸ್ಕು

ನಮ್ಮ ಕುಟುಂಬದಲ್ಲಿ ಮೂರು ಮನೆಗಳ ನಡುವೆ ಓಡಾಡುತ್ತಿದ್ದ ಪದಾರ್ಥಗಳು ಎರಡು. ಒಂದು, ಊರಿಗೆಲ್ಲ ಅನ್ನವಾಗುವಂಥ ಹಿತ್ತಾಳೆಯ ಕೊಳದಪ್ಪಲೆ. ಇನ್ನೊಂದು, ಇಟ್ಟಿಗೆಯಷ್ಟು ದಪ್ಪಗಿದ್ದು, ಕಂಪ್ಯೂಟರಿನ ಜೊತೆಗೆ ಗೋಡೆಯ ಪ್ಲಗ್ಗನ್ನೂ ಬೇಡುತ್ತಿದ್ದ ಹಾರ್ಡ್ ಡಿಸ್ಕು. ಕೊಳದಪ್ಪಲೆ ಯಾರ ಮನೆಯ ಒಲೆಯ ಮೇಲಾದರೂ ತಕರಾರಿಲ್ಲದೆ ಕೂರುತ್ತಿತ್ತು. ಎರಡು ಸಾವಿರದ ದಶಕದ ಆಧುನಿಕ ವಸ್ತುವಾದ ಡಿಸ್ಕಿಗೆ ಮಾತ್ರ ಮನೆ ಮನೆಗೂ ಬೇರೆ ಬೇರೆ ಮಡಿ.

ಜಯನಗರದ ಮನೆಯಲ್ಲಿ ಅಮ್ಮ ಮತ್ತು ನಾನು. ನನ್ನದು ವಿಂಡೋಸ್, ಅಂದರೆ ಬೀದಿಯವರೆಲ್ಲರದೂ ಅದೇ. ಬಿಟಿಎಂ ಲೇಔಟಿನ ಫ್ಲಾಟಿನಲ್ಲಿ ಅಕ್ಕ, ಭಾವ ಮತ್ತು ಎರಡನೇ ಕ್ಲಾಸಿನ ಮಗಳು. ಭಾವ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವವರು, ಆದ್ದರಿಂದ ಮ್ಯಾಕ್. ಅದನ್ನು ಅವರು ಚೀಲದಿಂದ ಹೊರತೆಗೆಯುವಾಗ ಸುತ್ತಲಿನವರು ಎದ್ದು ನಿಲ್ಲಬೇಕಿತ್ತೇನೋ ಎನ್ನಿಸುತ್ತಿತ್ತು. ಇಟ್ಟಮಡುವಿನ ಬಾಡಿಗೆ ಕೋಣೆಯಲ್ಲಿ ನನ್ನ ತಮ್ಮ. ಅವನು ಲಿನಕ್ಸಿಗೆ ಹೊಸದಾಗಿ ದೀಕ್ಷೆ ತೆಗೆದುಕೊಂಡಿದ್ದ. ತನ್ನ ಕಂಪ್ಯೂಟರು ಸ್ವತಂತ್ರ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ನಿಜವೇ, ಅವನ ಪ್ರಿಂಟರಂತೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಡಿಸ್ಕು ಮನೆಗೆ ಬಂದ ಭಾನುವಾರ ಅದನ್ನು ಯಾವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಬೇಕೆಂದು ನಮ್ಮ ಮನೆಯಲ್ಲಿ ಉಪ್ಪಿಟ್ಟಿನ ಸಮೇತ ಸಭೆ ಸೇರಿತು. ವಿಂಡೋಸಿನ ಬಗೆಯಲ್ಲಿ ಮಾಡಿದರೆ ಭಾವನ ಮ್ಯಾಕ್ ಅದನ್ನು ಓದುತ್ತದೆ, ಆದರೆ ಒಂದಕ್ಷರ ಬರೆಯುವುದಿಲ್ಲ. ತಮ್ಮನ ಲಿನಕ್ಸ್ ಕೂಡ ಓದುತ್ತದೆ, ಬರೆದರೆ ಆಮೇಲಿನದಕ್ಕೆ ತಾನು ಹೊಣೆಯಲ್ಲ ಎನ್ನುತ್ತದೆ. ಮೂವರೂ ಒಂದೇ ಪಂಕ್ತಿಯಲ್ಲಿ ಕೂರಬಹುದಾದ ಹಳೆಯ ಬಗೆಯೊಂದಿತ್ತು. ಆದರೆ ನಾಲ್ಕು ಜಿಬಿಗಿಂತ ದೊಡ್ಡ ಫೈಲು ಅದಕ್ಕೆ ಹಿಡಿಸುವುದಿಲ್ಲ. ಅಕ್ಕ ಭಾವನ ಮದುವೆಯ ವಿಡಿಯೊ ಅದಕ್ಕಿಂತ ದೊಡ್ಡದಿತ್ತು. ವಿಡಿಯೊದವನು ಭಾವನ ಮುಖವನ್ನು ಗುಲಾಬಿ ಹೃದಯದೊಳಗೆ ಅಷ್ಟು ಹೊತ್ತು ತಿರುಗಿಸಿದ್ದ. ಅದನ್ನು ತುಂಡು ಮಾಡುವುದು ಅಪಶಕುನ ಎಂದು ಭಾವ ಪಟ್ಟು ಹಿಡಿದರು. ಕೊನೆಗೆ ವಿಂಡೋಸಿನ ಬಗೆಯೇ ಗೆದ್ದಿತು.

ಆ ಡಿಸ್ಕಿನಲ್ಲಿ ವಿಡಿಯೊದ ಪಕ್ಕದಲ್ಲೇ ಅಮ್ಮನ ಹಾಡುಗಳಿದ್ದವು. ಅಮ್ಮ ಒಂದು ಕಾಲಕ್ಕೆ ಯಡಿಯೂರಿನ ತನಕ ಹೆಸರಾದವಳು. ಯಾರ ಮನೆಯಲ್ಲಿ ಹಸೆಯಾದರೂ ಅರಿಶಿನ ಕುಂಕುಮಕ್ಕಿಂತ ಮೊದಲು ಅವಳಿಗೆ ಕರೆ ಬರುತ್ತಿತ್ತು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಡಾಕ್ಟರು ಜೀವ ಉಳಿಸಿಕೊಟ್ಟರು, ದನಿ ಉಳಿಯಲಿಲ್ಲ. ಅಂದಿನಿಂದ ಅವಳ ಮಾತೆಲ್ಲ ಪಿಸುಮಾತು. ತರಕಾರಿಯವನ ಜೊತೆ ಚೌಕಾಸಿಯನ್ನೂ ಪಿಸುಮಾತಿನಲ್ಲೇ ಮಾಡಿ ಗೆಲ್ಲುತ್ತಿದ್ದಳು, ಆ ಮಾತು ಬೇರೆ.

ಆಪರೇಷನ್ನಿಗೆ ಮೊದಲು ಟೇಪಿನಲ್ಲಿ ಹಿಡಿದಿಟ್ಟ ಹಾಡುಗಳನ್ನು ತಮ್ಮ ನನ್ನ ಕಂಪ್ಯೂಟರಿಗೆ ಇಳಿಸಿದ್ದ. ಹಸೆಗೆ ಕರೆಯುವ ಹಾಡಿನ ನಡುವೆ, ಒಗ್ಗರಣೆಯ ಘಾಟಿಗೆ, ಅಮ್ಮ ಎರಡು ಸಲ ಕೆಮ್ಮಿದ್ದಾಳೆ. ಅದನ್ನು ತೆಗೆದುಹಾಕು ಎಂದು ಅವಳು ತಮ್ಮನಿಗೆ ದುಂಬಾಲು ಬಿದ್ದಿದ್ದಳು. ಮೂಲವನ್ನು ತಿದ್ದಬಾರದು ಎಂದು ಅವನು ಭಾಷಣ ಮಾಡಿದ. ಅದೇ ಮಹಾಶಯ ನನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಾಡುಗಳನ್ನು ಡಿಸ್ಕಿಗೆ ನಕಲು ಮಾಡದೆ, ಇಲ್ಲಿಂದ ಕಿತ್ತು ಅಲ್ಲಿ ನೆಟ್ಟ. ಬೂಸಲು ಹಿಡಿದಿದ್ದ ಟೇಪುಗಳನ್ನು ಅಮ್ಮ ಹಳೇ ಪೇಪರಿನವನಿಗೆ ಹಾಕಿದಳು. ಹೀಗೆ ಒಂದು ಜೀವಮಾನದ ಹಾಡು ಒಂದು ಇಟ್ಟಿಗೆಯಲ್ಲಿ ಕೂತಿತು. ಉಳಿದವರ ಹತ್ತಿರ ಇನ್ನೊಂದು ಪ್ರತಿ ಇದ್ದೇ ಇರುತ್ತದೆ ಎಂದು ಮೂರು ಮನೆಯವರೂ ನೆಮ್ಮದಿಯಾಗಿದ್ದೆವು.

ಇಲ್ಲಿ ನಮ್ಮ ಮನೆಯ ಒಂದು ಕಾನೂನನ್ನು ಹೇಳಬೇಕು. ಬೇರೆ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಏನೂ ಇಲ್ಲವೆಂದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕು. ಮದುವೆಯಾದ ಹೊಸತರಲ್ಲಿ ಭಾವ ನಮ್ಮ ಹುಳಿಯ ಡಬ್ಬಿಯನ್ನು ಫಳಫಳ ತೊಳೆದು ಖಾಲಿ ತಂದುಕೊಟ್ಟಿದ್ದರು. ಆಗ ಅಮ್ಮನಿಗೆ ದನಿಯಿತ್ತು. ಇಡೀ ಬೀದಿಗೆ ಪಾಠವಾಯಿತು. ಅಲ್ಲಿಂದ ಮುಂದೆ ಭಾವ ಎರವಲು ಕೊಡೆಯನ್ನು ಹಿಂತಿರುಗಿಸುವಾಗಲೂ ಒಂದು ಚಿಪ್ಪು ಬಾಳೆಹಣ್ಣು ನೇತುಹಾಕಿಕೊಂಡು ಬರುತ್ತಿದ್ದರು.

ತಮ್ಮನ ಮದುವೆ ಗೊತ್ತಾದಾಗ ಡಿಸ್ಕು ಭಾವನ ಮನೆಯಲ್ಲಿತ್ತು. ಮಗನನ್ನು ಹಸೆಗೆ ಕರೆಯುವಾಗ ತನ್ನ ಹಾಡನ್ನೇ ಹಾಕಬೇಕೆಂದು ಅಮ್ಮ ಕೇಳಿದಳು. ಸೀರೆ, ಒಡವೆ, ಛತ್ರ ಯಾವುದರ ಬಗ್ಗೆಯೂ ಅವಳು ಬಾಯಿ ಹಾಕಲಿಲ್ಲ.

"ಎಷ್ಟೋ ಜನರ ಮಕ್ಕಳನ್ನ ಕರ್ದಿದೀನಿ. ನನ್ನ ಮಗನ್ನ ಕರ್ಯೋಕಾದ್ರೂ ನನ್ನ ದನಿ ಇರ್ಲಿ" ಎಂದಳು.

ಡಿಸ್ಕು ಬೇಕೆಂದಷ್ಟೇ ನಾನು ಭಾವನಿಗೆ ಹೇಳಿದೆ, ಯಾಕೆಂದು ಹೇಳಲಿಲ್ಲ. ಅವರು ಡಿಸ್ಕನ್ನು ಚೀಲದಲ್ಲಿಟ್ಟು, ಮೇಲೊಂದು ಬಾಳೆಹಣ್ಣಿನ ಚಿಪ್ಪಿಟ್ಟು ತಂದುಕೊಟ್ಟು ಹೋದರು. ಒಳಗೂ ಏನೋ ಹಾಕಿದ್ದೇನೆ ಎಂದು ನಕ್ಕರು. ನಾನು ವಯರು ಸಿಕ್ಕಿಸಿದೆ. ಈ ಡಿಸ್ಕು ಫಾರ್ಮ್ಯಾಟೇ ಆಗಿಲ್ಲ, ಈಗ ಮಾಡಲೇ ಎಂದು ನನ್ನ ಕಂಪ್ಯೂಟರು ವಿನಯದಿಂದ ಕೇಳಿತು. ನಾನು ಏನನ್ನೂ ಒತ್ತದೆ ತಮ್ಮನಿಗೆ ಫೋನು ಮಾಡಿದೆ. ಅವನು ತನ್ನ ಲಿನಕ್ಸ್ ಲ್ಯಾಪ್‌ಟಾಪು ಹೊತ್ತುಕೊಂಡು ಇಟ್ಟಮಡುವಿನಿಂದ ಓಡಿಬಂದ. ಅದು ಎಲ್ಲರ ಮನೆಯ ಅಡುಗೆಯನ್ನೂ ಉಣ್ಣುವ ಪ್ರಾಣಿ, ಡಿಸ್ಕನ್ನು ತೆರೆಯಿತು. ಒಳಗೆ ಎರಡೇ ಫೈಲುಗಳಿದ್ದವು. ಒಂದು ಮದುವೆಯ ವಿಡಿಯೊ, ಇನ್ನೊಂದು ಹೊಸತು. ಹಾಡುಗಳಿರಲಿಲ್ಲ.

ಭಾವ ಫೋನಿನಲ್ಲಿ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಖಾಲಿ ಕೊಡಬಾರದೆಂದು ಮಗಳ ವಿಡಿಯೊ ಒಂದನ್ನು ಹಾಕಲು ಹೋದರಂತೆ. ಮ್ಯಾಕ್ ಬರೆಯಲು ಒಪ್ಪಲಿಲ್ಲವಂತೆ. ಆದ್ದರಿಂದ ತಮ್ಮ ಮದುವೆಯ ವಿಡಿಯೊವನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ಡಿಸ್ಕನ್ನು ಮ್ಯಾಕಿನ ಬಗೆಗೆ ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿದರಂತೆ. ಹಾಡುಗಳ ಮೂಲ ಜಯನಗರದಲ್ಲಿ ಇದ್ದೇ ಇದೆಯಲ್ಲ ಎಂದರು. ಯಾರ ಹತ್ತಿರವೂ ಇನ್ನೊಂದು ಪ್ರತಿ ಇಲ್ಲವೆಂದು ನಾನು ಹೇಳಿದೆ.

"ಒಂದೇ ಕಾಪಿ ಇಟ್ಕೊಂಡು ಯಾರಾದ್ರೂ ಸಾಲ ಕೊಡ್ತಾರಾ?" ಎಂದರು. ಸಿಟ್ಟಿನಲ್ಲಿ ನಾನು ಫೋನು ಕುಕ್ಕಿದೆ, ಆದರೆ ಪ್ರಶ್ನೆ ನ್ಯಾಯವಾದದ್ದೇ.

ಅಳಿಸಿದ್ದನ್ನು ಮರಳಿಸಿಕೊಡುವ ಅಂಗಡಿಯೊಂದು ಜೆ.ಪಿ. ನಗರದಲ್ಲಿತ್ತು. ಅಲ್ಲಿಯವರು ಡಿಸ್ಕನ್ನು ಕೆಲವು ದಿನ ಇಟ್ಟುಕೊಂಡು ಕೈಚೆಲ್ಲಿದರು. ಹಾಡುಗಳಿದ್ದ ಜಾಗದ ಮೇಲೆಯೇ ಆ ಭಾರೀ ವಿಡಿಯೊ ಬಂದು ಕೂತಿತ್ತಂತೆ. ಭಾವನ ಮುಖ ಗುಲಾಬಿ ಹೃದಯದೊಳಗೆ ತಿರುಗುತ್ತಲೇ ಇತ್ತು, ಅದರಡಿಯಲ್ಲಿ ಅಮ್ಮ ಹೋಗಿದ್ದಳು. ಅಕ್ಕ ಬಂದು ಅತ್ತಳು. ಭಾವ ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಅವತ್ತೂ ಬಾಳೆಹಣ್ಣಿತ್ತು.

ಅಮ್ಮ ಬೈಯಲಿಲ್ಲ. ಖಾಲಿ ಕೊಡಬಾರದೆಂದು ಕಲಿಸಿದವಳು ತಾನೇ ಅಲ್ಲವೇ ಎಂದು ಪಿಸುಗುಟ್ಟಿ, ಒಳಗೆ ಹಾಕಿದ ಸಕ್ಕರೆ ಯಾವುದೆಂದು ತೋರಿಸಲು ಹೇಳಿದಳು. ತಮ್ಮ ಹೊಸ ಫೈಲನ್ನು ತೆರೆದ. ಲಂಗ ಉಟ್ಟ ಮೊಮ್ಮಗಳು ಸೋಫಾದ ಮೇಲೆ ನಿಂತು ಹಸೆಗೆ ಕರೆಯುವ ಹಾಡನ್ನು ಹಾಡುತ್ತಿದ್ದಳು. ಡಿಸ್ಕು ಅವರ ಮನೆಯಲ್ಲಿದ್ದಷ್ಟು ದಿನವೂ ಕೇಳಿ ಕೇಳಿ ಕಲಿತದ್ದು. ಬರೆಯಲಾಗದಿದ್ದರೂ ಮ್ಯಾಕ್ ಓದುತ್ತಿತ್ತಲ್ಲ. ಶ್ರುತಿ ಬಿಟಿಎಮ್ಮಿನಲ್ಲಿತ್ತು, ತಾಳ ಇಟ್ಟಮಡುವಿನಲ್ಲಿತ್ತು. ಅರ್ಧ ಹಾಡಾದ ಮೇಲೆ ಅವಳು ನಿಂತಳು. ಮುಷ್ಟಿಯನ್ನು ಬಾಯಿಗೆ ಹಿಡಿದು ಎರಡು ಸಲ ಕೆಮ್ಮಿದಳು. ಮತ್ತೆ ಮುಂದುವರಿಸಿದಳು.

ನಮಗೆ ಯಾರಿಗೂ ಅಮ್ಮನ ಕಡೆ ನೋಡುವ ಧೈರ್ಯವಿರಲಿಲ್ಲ. ಅವಳು ಮಾತ್ರ ಭುಜ ಕುಲುಕಿಸಿ ನಗುತ್ತಿದ್ದಳು. ಶಬ್ದವಿಲ್ಲದ ನಗು, ಕಣ್ಣಲ್ಲಿ ನೀರು. ಇನ್ನೊಂದು ಸಲ ಹಾಕು ಎಂದು ತಮ್ಮನಿಗೆ ಸನ್ನೆ ಮಾಡಿದಳು.

ಮದುವೆಯ ದಿನ ಮೊಮ್ಮಗಳು ಹಾಡಿದಳು. ಕೆಮ್ಮುವ ಜಾಗದಲ್ಲಿ ತಪ್ಪದೆ ಕೆಮ್ಮಿದಳು. ಬೀಗರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಭಕ್ತಿಯಿಂದ ತಲೆದೂಗಿದರು. ಹಸೆಯ ಮೇಲೆ ಕೂತಿದ್ದ ಮದುಮಗಳು ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು. ಅತ್ತೆ ಮನೆಯ ಪದ್ಧತಿಯನ್ನು ಬೇಗ ಕಲಿಯಬೇಕೆಂಬ ಹುರುಪಿನ ಹುಡುಗಿ.

ಮುಂದೆ ಅವಳೇ ಅಕ್ಕನ ಮಗಳಿಂದ ಆ ಹಾಡನ್ನು ಪೂರ್ತಿ ಹೇಳಿಸಿಕೊಂಡಳು. ಒಳ್ಳೆಯ ಶಾರೀರ, ಚೆನ್ನಾಗಿ ಹಾಡುತ್ತಾಳೆ. ನೆಂಟರ ಮನೆಯ ಹಸೆಗಳಲ್ಲಿ ಅರ್ಧ ಹಾಡಿಗೆ ನಿಂತು, ಮುಷ್ಟಿಯನ್ನು ಬಾಯಿಗೆ ಹಿಡಿದು, ಎರಡು ಸಲ ಕೆಮ್ಮಿ, ಮುಂದಿನ ನುಡಿ ಎತ್ತಿಕೊಳ್ಳುತ್ತಾಳೆ. ಒಮ್ಮೆ ನಾನು ತಡೆಯಲಾರದೆ, ಅವಳಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅಮ್ಮ ನನ್ನ ಕೈ ಹಿಡಿದಳು.

"ಹೇಳ್ಬೇಡ ಕಣೆ. ನನ್ನ ದನೀಲಿ ಉಳಿದಿರೋದು ಅದೊಂದೇ."